ಮಗ್ಗ ಕಟ್ಟಿದ ಕಂಬ

“ಬುದ್ಧಿ, ಒಂದು ಮರವನ್ನೂ ಕಡಿಯದೆ, ಒಂದು ಇಟ್ಟಿಗೆಯನ್ನೂ ಸುಡದೆ, ಯಾರನ್ನೂ ಒತ್ತಾಯ ಮಾಡದೆ ಕಟ್ಟಿದ ಮನೆಯಲ್ಲೂ ಪಾಪ ಇರುತ್ತದೆಯೇ?”

ಹೀಗೆ ಕೇಳಿದವನು ಶಿವಮಲ್ಲು. ಪಟ್ಟಣದಲ್ಲಿ ಮನೆಗಳ ನಕ್ಷೆ ಬರೆಯುವುದು ಅವನ ಕಸುಬು. ಮಣ್ಣಿನ ಗೋಡೆ, ಬಿದಿರಿನ ಚಾವಣಿ, ಬಿಸಿಲಿನಿಂದ ಉರಿಯುವ ದೀಪ, ಹಳೆಯ ಮರದಿಂದ ಮಾಡಿದ ಕುರ್ಚಿ ಮೇಜು, ಇವೆಲ್ಲ ಅವನಿಗೆ ಇಷ್ಟವಾದ ಸಂಗತಿಗಳು. ಮಠದಲ್ಲಿ ಸೋಮವಾರದ ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ನಮ್ಮ ಗುರುಗಳ ಪಾದದ ಬಳಿ ಕೂತು ಈ ಪ್ರಶ್ನೆ ಕೇಳಿದ. ಅವನ ದನಿಯಲ್ಲಿ ಸಂದೇಹಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ಇಲ್ಲ ಎಂಬ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿದ್ದ.

ಗುರುಗಳು ಅವನ ಮುಖ ನೋಡಿದರು.

“ಇರುತ್ತದೋ ಇಲ್ಲವೋ, ನಾನು ಹೇಳಲಾರೆ. ಒಂದು ಮನೆಯ ಕತೆ ಹೇಳುತ್ತೇನೆ. ಕೇಳಿ ನೀನೇ ಹೇಳು” ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಸಿಮೆಂಟು, ಕಬ್ಬಿಣ, ಚಾವಣಿಯ ಶೀಟು ಮಾರಿ ಬೆಳೆದವನು. ದೈವಭಕ್ತ. ಪೂಜೆಯಾಗದೆ ಗುಟುಕು ನೀರು ಕುಡಿಯುತ್ತಿರಲಿಲ್ಲ. ದಾರಿಯಲ್ಲಿ ಇರುವೆ ಸಾಲು ಕಂಡರೆ ನಿಂತು, ನೋಡಿ, ದಾಟಿ ಹೋಗುತ್ತಿದ್ದ. ಅದು ತೋರಿಕೆಯಲ್ಲ. ಅವನ ಮನಸ್ಸೇ ಹಾಗಿತ್ತು.

ಐವತ್ತು ದಾಟಿದ ಮೇಲೆ ಅವನಿಗೊಂದು ಕೊರಗು ಹತ್ತಿತು. ತಾನು ಮಾರಿದ ಸಿಮೆಂಟಿಗಾಗಿ ಎಷ್ಟು ಗುಡ್ಡ ಕರಗಿದವೋ, ಎಷ್ಟು ಹೊಗೆ ಆಕಾಶಕ್ಕೆ ಹೋಯಿತೋ. ಇನ್ನು ತಾನು ವಾಸ ಮಾಡುವ ಮನೆಯಾದರೂ ಭೂಮಿತಾಯಿಗೆ ಭಾರವಾಗಬಾರದು. ದೇವರ ಮುಂದೆ ದೀಪ ಹಚ್ಚಿ ಸಂಕಲ್ಪ ಮಾಡಿದ. ಒಂದು ಮರ ಬೀಳಕೂಡದು. ಒಂದು ಇಟ್ಟಿಗೆ ಸುಡಕೂಡದು. ಒಬ್ಬರಿಗೂ ಒತ್ತಾಯ ಆಗಕೂಡದು.

ಎಂಜಿನಿಯರನ್ನು ಕರೆಸಿದ. ಎಂಜಿನಿಯರು ಒಳ್ಳೆಯ ನಕ್ಷೆ ಬರೆದುಕೊಟ್ಟ. ಗೋಡೆಗೆ ಆ ಸೈಟಿನ ಮಣ್ಣೇ. ಚಾವಣಿಗೆ ಹಳೆಯ ನಾಡಹೆಂಚು. ಮಳೆಯ ನೀರು ತೊಟ್ಟಿಗೆ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಬೇಕು, ಫ್ಯಾನು ಬೇಡ. ಅಂಗಳದಲ್ಲಿದ್ದ ಬೇವಿನ ಮರಕ್ಕಾಗಿ ಅಡುಗೆಮನೆಯನ್ನೇ ಪಕ್ಕಕ್ಕೆ ಸರಿಸಿದ.

“ಕಂಬ, ತೊಲೆ, ಬಾಗಿಲಿಗೆ ಮರ ಬೇಕಲ್ಲ?” ವ್ಯಾಪಾರಿ ಕೇಳಿದ.

“ಹಳೇ ಮರ ತರೋಣ ಸಾರ್. ಕಡಿದು ನೂರು ವರ್ಷ ಆಗಿರೋ ಮರ. ಅದನ್ನ ಕಡಿದ ಪಾಪ ಯಾರದೋ, ಯಾವಾಗಲೋ ತೀರಿಹೋಗಿದೆ.”

ವ್ಯಾಪಾರಿಯ ಕಣ್ಣು ತುಂಬಿ ಬಂತು. ಒಬ್ಬ ಬಡಗಿಯನ್ನು ಕರೆಸಿದ. ಮರವನ್ನು ಮೂಸಿ ನೋಡಿ ಅದರ ಜಾತಿ ಹೇಳುವಂಥ ಬಡಗಿ.

“ಹಳೇ ಮರ ಎಲ್ಲಿ ಸಿಗುತ್ತೆ ಆಚಾರ್ರೇ? ಬಿದ್ದ ಮನೆಗಳಲ್ಲಿ ನೋಡಿ.”

“ಬಿದ್ದ ಮನೆ ಮರ ಯಾತಕ್ಕೆ ಬರುತ್ತೆ ಸಾವ್ಕಾರ್ರೇ? ಗೆದ್ದಲು ತಿಂದು ಕೂತಿರುತ್ತೆ. ಒಲೆ ಹೊಗೆ ತಾಕ್ತಿರಬೇಕು, ಜನ ಬೆನ್ನು ಒರಗಿಸ್ತಿರಬೇಕು, ಆಗ ಮರ ಗಟ್ಟಿಯಾಗಿರುತ್ತೆ. ಅಂಥ ಮರ ಇರೋದು ಜನ ಇರೋ ಮನೇಲೇ. ನೇಕಾರರ ಬೀದೀಲಿದೆ, ಒಂದೊಂದು ಕಂಬ ಆನೆ ಕಾಲಿದ್ದ ಹಾಗೆ. ಆದ್ರೆ ಒಲೆ ಉರಿಯೋ ಮನೆ ಮರಕ್ಕೆ ನಮ್ಮೋರು ಉಳಿ ಹಾಕಲ್ಲ. ನಮ್ಮ ತಾತನ ಕಾಲದಿಂದ ಬಂದ ಕಟ್ಟಳೆ ಅದು.”

“ಕಟ್ಟಳೆ ಮುರೀಬೇಡಿ” ಎಂದ ವ್ಯಾಪಾರಿ. “ಯಾರನ್ನೂ ಬಲವಂತ ಮಾಡಬೇಡಿ. ವಿಷಯ ತಿಳಿಸಿ ಬಂದ್ಬಿಡಿ. ಅವರಾಗೇ ಒಲೆ ಆರಿಸಿ, ಅವರಾಗೇ ಕರೆದ್ರೆ ಮಾತ್ರ ಹೋಗಿ.”

ನ್ಯಾಯವಾದ ಮಾತು. ಬಡಗಿ ಚೀಲ ಹೆಗಲಿಗೇರಿಸಿ ಹೊರಟ.

ನೇಕಾರರ ಬೀದಿಯ ನಡುವೆ ಒಬ್ಬ ಹೆಂಗಸು ಇದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳ ಅನ್ನ ಮಗ್ಗದಲ್ಲಿತ್ತು. ಅದು ಗುಂಡಿ ಮಗ್ಗ. ನೆಲದಲ್ಲಿ ಮೊಣಕಾಲುದ್ದದ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮಗ್ಗದ ಹಗ್ಗವನ್ನು ನಡುಮನೆಯ ಎರಡು ಕಂಬಗಳಿಗೆ ಬಿಗಿದಿದ್ದಳು. ಮಣ್ಣಿನ ನೆಲ, ಮಣ್ಣಿನ ಗೋಡೆ, ಒಳಗೆ ಯಾವಾಗಲೂ ತಂಪು. ಆ ತಂಪು ನೂಲಿಗೆ ಬೇಕು. ತಂಪಿಲ್ಲದಿದ್ದರೆ ನೂಲು ಒಣಗಿ ಪಟಪಟ ಕಡಿದುಹೋಗುತ್ತದೆ.

ಬಡಗಿ ಬೀದಿಯಲ್ಲಿ ವಿಷಯ ತಿಳಿಸಿದ. ಕೆಲವರು ಒಪ್ಪಿದರು. ಅವರದೂ ತಪ್ಪಲ್ಲ. ಮಳೆಗಾಲದಲ್ಲಿ ಸೋರುವ ಮನೆ, ಪಾಯಿಖಾನೆ ಇಲ್ಲದ ಮನೆ, ಸೊಸೆಯಂದಿರು ಮೂಗು ಮುರಿಯುವ ಮನೆ. ಕಂಬ ಮಾರಿದ ಹಣದಲ್ಲಿ ಹೊಸ ಮನೆ ಏಳುತ್ತದೆ ಎಂದಾಗ ಯಾರು ಬೇಡ ಎನ್ನುತ್ತಾರೆ?

ಆ ಹೆಂಗಸು ಬೇಡ ಎಂದಳು.

“ಕಂಬ ಕೊಟ್ಟು ಮಗ್ಗಾನ ನನ್ನ ಕತ್ತಿಗೆ ಕಟ್ಕೊಳ್ಳಲಾ ಆಚಾರಣ್ಣ?” ಎಂದು ನಕ್ಕಳು. ಬಡಗಿಯೂ ನಕ್ಕು ಹೊರಟುಹೋದ. ಮತ್ತೆ ಅವಳ ಮನೆಯ ಕಡೆ ತಿರುಗಿ ನೋಡಲಿಲ್ಲ. ವ್ಯಾಪಾರಿಗೆ ಹೇಳಿದಾಗ ಅವನೂ, “ಅವರ ಇಷ್ಟ, ಪಾಪ, ಬಿಟ್ಬಿಡಿ” ಎಂದ.

ಆದರೆ ಆ ಬೀದಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ಮನೆಗೆ ಒಂದೇ ಗೋಡೆ. ಎರಡು ಮನೆಗೆ ಒಂದೇ ತೊಲೆ. ಇವರ ಕಂಬದ ಮೇಲೆ ಅವರ ತೊಲೆ, ಅವರ ಕಂಬದ ಮೇಲೆ ಇವರ ತೊಲೆ. ಕಟ್ಟಿದ ಹಿರಿಯರು ಅಣ್ಣ ತಮ್ಮಂದಿರು. ಬೇರೆ ಬೇರೆ ಮನೆ ಕಟ್ಟುತ್ತಿದ್ದೇವೆ ಎಂಬ ಎಣಿಕೆಯೇ ಅವರಿಗಿರಲಿಲ್ಲ.

ಬಲಗಡೆಯ ಮನೆಯವರು ಒಲೆ ಆರಿಸಿ ಬಡಗಿಯನ್ನು ಕರೆದರು. ಹೆಂಗಸಿನ ಮನೆಯ ತೊಲೆಯ ಒಂದು ತುದಿಗೆ ಆಸರೆ ತಪ್ಪಿತು. ಬಡಗಿ ಒಂದು ಬೊಂಬು ಕೊಟ್ಟು ನಿಲ್ಲಿಸಿದ. ಎರಡು ತಿಂಗಳಿಗೆ ಎಡಗಡೆಯ ಮನೆಯವರೂ ಕರೆದರು. ಅಲ್ಲಿಗೂ ಒಂದು ಬೊಂಬು ಬಂತು. ಒಂದು ದಿನ ಅವಳು ನೇಯುತ್ತ ಕೂತಿದ್ದಾಗ ಹೆಂಚು ಜಾರಿ ಮಗ್ಗದ ಮೇಲೆ ಬಿತ್ತು. ಇನ್ನೊಂದು ದಿನ ಅವಳ ಭುಜಕ್ಕೆ ಬಿತ್ತು. ಚಾವಣಿ ಬಾಗಿದ್ದು ಬೀದಿಯಲ್ಲಿ ನಿಂತವರಿಗೆ ಕಾಣುತ್ತಿತ್ತು.

ಅವಳೇ ಹೇಳಿ ಕಳಿಸಿದಳು. “ಬಂದು ಬಿಚ್ಕೊಂಡು ಹೋಗಲಿ.”

ಬಡಗಿ ಬಂದ. ಬಾಗಿಲಲ್ಲೇ ನಿಂತ.

“ಒಲೆ ಉರೀತಾ ಇದೆಯಲ್ಲವ್ವ.”

“ನೂಲಿಗೆ ಗಂಜಿ ಕಾಯ್ತಾ ಇದೆ. ಮಗ್ಗದ ಮೇಲೆ ಇರೋದೊಂದು ಮುಗೀಲಿ ಅಣ್ಣ. ಅರ್ಧಕ್ಕೆ ಕತ್ತರಿಸಬಾರದು.”

“ಎಷ್ಟಿದೆ?”

“ಆರು ಮೊಳ.”

ಬಡಗಿ ಉಳಿ ಸುತ್ತಿಗೆಗಳನ್ನು ಚೀಲದಿಂದ ತೆಗೆಯಲಿಲ್ಲ. ಜಗುಲಿಯ ಮೇಲೆ ಕೂತ. ಲಾಳಿಯ ಸದ್ದು ಕೇಳುತ್ತ ಸಂಜೆಯವರೆಗೂ ಕೂತು ಎದ್ದು ಹೋದ. ಮಾರನೆಯ ದಿನವೂ ಬಂದು ಕೂತ. ಮೂರನೆಯ ದಿನ ಬೆಳಿಗ್ಗೆ ಅವಳು ಒಂದು ಚೊಂಬು ನೀರು ತಂದು ಒಲೆಗೆ ಸುರಿದಳು. ಒಳಗಿಂದ ಬೂದಿಯ ವಾಸನೆ ಹೊರಗೆ ಬಂತು.

“ಬಾ ಅಣ್ಣ. ನಿನ್ನ ಕಟ್ಟಳೆ ಆಯಿತು.”

ವ್ಯಾಪಾರಿಗೆ ಸುದ್ದಿ ಮುಟ್ಟಿತು. ಅವಳೇ ಕರೆದಳು, ಅವಳೇ ಒಲೆ ಆರಿಸಿದಳು. ವ್ಯಾಪಾರಿ ದೇವರ ಕೋಣೆಗೆ ಹೋಗಿ ಕೈಮುಗಿದ. ತನ್ನ ಸಂಕಲ್ಪಕ್ಕೆ ಭಂಗ ಬರಲಿಲ್ಲ ಎಂದು ಅವನಿಗೆ ಸಮಾಧಾನವಾಯಿತು. ಅವಳ ಕಂಬಗಳನ್ನು ಗಾಡಿಯಿಂದ ಇಳಿಸಿದಾಗ ಒಂದರ ಬಿರುಕಿನಲ್ಲಿ ಇರುವೆ ಗೂಡು ಕಟ್ಟಿದ್ದು ಕಂಡಿತು. ಕೆಲಸ ನಿಲ್ಲಿಸಿದ. ಕಂಬವನ್ನು ಬೇವಿನ ನೆರಳಿನಲ್ಲಿ ಮಲಗಿಸಿ, ಪಕ್ಕದಲ್ಲಿ ಸಕ್ಕರೆ ಚೆಲ್ಲಿಸಿ, ಇರುವೆಗಳು ಮೊಟ್ಟೆ ಹೊತ್ತು ತಾವಾಗಿ ಬೇರೆ ಜಾಗಕ್ಕೆ ಹೋಗುವವರೆಗೆ ಹನ್ನೊಂದು ದಿನ ಕಾದ. ಈ ಮಾತು ಊರಲ್ಲಿ ಹಬ್ಬಿತು. ಕೇಳಿದವರು ಅವನಿದ್ದ ದಿಕ್ಕಿಗೆ ಕೈ ಮುಗಿದರು.

ಮನೆ ಎದ್ದಿತು. ಚೆಂದದ ಮನೆ. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ನೇಕಾರರ ಮನೆಗಳ ಬಾಗಿಲುಗಳು ಊಟದ ಮೇಜುಗಳಾದವು. ತೊಟ್ಟಿಲಿನ ಹಲಗೆ ಪುಸ್ತಕದ ಗೂಡಾಯಿತು. ಒನಕೆಯ ತಲೆಯ ಮೇಲೆ ದೀಪ ಕೂತಿತು. ಹಜಾರದ ನೆಲವನ್ನು ಸುಣ್ಣ, ಕಾವಿ ಹಾಕಿ ಬಡಿದು, ಎಣ್ಣೆಯಲ್ಲಿ ಉಜ್ಜಿ ಕನ್ನಡಿ ಮಾಡಿದ್ದರು. ಆ ನೆಲದ ನಡುವೆ ಅವಳ ಎರಡು ಕಂಬಗಳು ನಿಂತವು. ಗೃಹಪ್ರವೇಶಕ್ಕೆ ಬಂದವರು ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟು, “ಆಹಾ!” ಎಂದರು.

“ಇದು ಮನೆಯಲ್ಲ ಕಣ್ರೀ, ತಪಸ್ಸು” ಎಂದ ಒಬ್ಬ.

ನೇಕಾರರ ಬೀದಿಯಲ್ಲೂ ಮನೆಗಳು ಎದ್ದವು. ಅಷ್ಟು ಮನೆಗೆ ಇಟ್ಟಿಗೆ ಬೇಕಲ್ಲ? ಊರಾಚೆ ಗೂಡು ಹಾಕಿ ಸುಟ್ಟರು. ಗೂಡಿಗೆ ಸೌದೆ ಬೇಕಲ್ಲ? ಹುಣಸೆ ತೋಪನ್ನು ಕಡಿದರು. ಸಿಮೆಂಟು, ಶೀಟು ವ್ಯಾಪಾರಿಯ ಅಂಗಡಿಯಿಂದಲೇ ಬಂದವು. ಬೀದಿಯವರು ತನಗೆ ಉಪಕಾರ ಮಾಡಿದ್ದಾರೆ ಎಂದು ಅವನು ಲಾಭ ಮುಟ್ಟದೆ ಕೊಟ್ಟ. ತನ್ನ ಮನೆಗಾಗಿ ಒಂದು ಮರವೂ ಬೀಳಲಿಲ್ಲ ಎಂದು ಅವನು ಹೇಳುತ್ತಿದ್ದ. ಅದು ನಿಜವೇ. ಅವನ ಮನೆಗಾಗಿ ಬೀಳಲಿಲ್ಲ.

ಹೆಂಗಸಿಗೂ ಒಂದು ಕೋಣೆಯ ಮನೆ ಆಯಿತು. ಮೇಲೆ ಶೀಟು, ಕೆಳಗೆ ಸಿಮೆಂಟು. ನೆಲ ಒಡೆಸಿ ಗುಂಡಿ ತೋಡಿಸಿ ಮಗ್ಗ ಹೂಡಿದಳು. ಹತ್ತು ಗಂಟೆಯ ಹೊತ್ತಿಗೆ ಶೀಟು ಕಾದು ಕೋಣೆ ಒಲೆಯಂತಾಗುತ್ತಿತ್ತು. ನೂಲು ಒಣಗಿ ಕಡಿಯಿತು. ಗಂಟು ಹಾಕಿದಳು. ಮತ್ತೆ ಕಡಿಯಿತು. ಒದ್ದೆ ಗೋಣಿಚೀಲ ಕಟ್ಟಿದಳು, ನೆಲಕ್ಕೆ ನೀರು ಚಿಮುಕಿಸಿದಳು. ಒಂದು ಮೊಳ ಬಟ್ಟೆಯಲ್ಲಿ ನೂಲಿಗಿಂತ ಗಂಟೇ ಹೆಚ್ಚಾಯಿತು. ಅಂಥ ಬಟ್ಟೆ ಯಾರು ಕೊಳ್ಳುತ್ತಾರೆ? ಬೀದಿಯ ಉಳಿದ ಮಗ್ಗಗಳು ಒಂದೊಂದಾಗಿ ನಿಂತವು. ಗಂಡಸರು ಗಾರೆ ಕೆಲಸಕ್ಕೆ ಹೋದರು. ಅವಳು ಮಾತ್ರ ಕೋಳಿ ಕೂಗುವ ಹೊತ್ತಿಗೆ ಎದ್ದು, ಬಿಸಿಲೇರುವವರೆಗೆ ಎಷ್ಟಾಗುತ್ತದೋ ಅಷ್ಟು ನೇಯ್ದಳು. ಮಗ್ಗ ಬಿಟ್ಟರೆ ಅವಳಿಗೆ ಬೇರೆ ಅನ್ನವಿರಲಿಲ್ಲ, ಬೇರೆ ವಿದ್ಯೆಯೂ ಇರಲಿಲ್ಲ.

ಇತ್ತ ವ್ಯಾಪಾರಿಯ ಮನೆಯ ಕಿಟಕಿಗಳಿಗೆ ಪರದೆ ಬೇಕಾಯಿತು. ನೈಲಾನು ಭೂಮಿಯಲ್ಲಿ ಕರಗುವುದಿಲ್ಲ, ಅದು ಬೇಡ. ಕೈಮಗ್ಗದ್ದೇ ಆಗಬೇಕು. ಅವನೇ ನೇಕಾರರ ಬೀದಿಗೆ ಬಂದ. ಮಗ್ಗದ ಸದ್ದು ಇದ್ದದ್ದು ಒಂದೇ ಮನೆಯಲ್ಲಿ.

“ಹದಿನಾಲ್ಕು ಕಿಟಕಿ ಇದೆ ತಾಯಿ. ನೇಯ್ದು ಕೊಡ್ತೀರಾ?”

“ಕೈ ಇದೆ ಸಾವ್ಕಾರ್ರೇ. ನೂಲೇ ನಿಲ್ತಾ ಇಲ್ಲ. ಒಂಚೂರು ಕೂತ್ಕೊಳ್ಳಿ, ನಿಮಗೇ ಗೊತ್ತಾಗುತ್ತೆ.”

ಅವನು ಕೂತ. ಸ್ವಲ್ಪ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತು. ಟವೆಲಿನಿಂದ ಕತ್ತು ಒರೆಸಿಕೊಂಡ. ತಲೆ ಎತ್ತಿ ನೋಡಿ, “ಶೀಟು ನಮ್ಮ ಅಂಗಡೀದೇ ಅಲ್ವಾ? ಒಳ್ಳೇ ಮಾಲು. ಇಪ್ಪತ್ತು ವರ್ಷಕ್ಕೆ ಏನೂ ಆಗಲ್ಲ” ಎಂದ.

“ಶೀಟಿಗೆ ಏನೂ ಆಗಲ್ಲ ಬಿಡಿ” ಎಂದಳು ಅವಳು. ಆಮೇಲೆ ತಡೆದು ತಡೆದು ಕೇಳಿದಳು. “ಬೇಜಾರು ಮಾಡ್ಕೊಳ್ಳಬೇಡಿ, ಒಂದು ಮಾತು. ನಿಮ್ಮ ಮನೆ ಒಳಗೆ ತಂಪಿದೆಯಂತೆ. ನನ್ನ ಕಂಬ ಎಲ್ಲಿ ನಿಲ್ಲಿಸಿದ್ದೀರೋ ಅಲ್ಲೇ ಒಂದು ಗುಂಡಿ ತೋಡಿಸಿಕೊಡಿ. ನಾನು ಬೆಳಿಗ್ಗೆ ಬಂದು ಸಂಜೆ ಹೋಗ್ತೀನಿ. ನಿಮ್ಮ ಹದಿನಾಲ್ಕು ಕಿಟಕಿಗೂ ನೇಯ್ತೀನಿ, ಆಮೇಲೆ ನನ್ನ ಹೊಟ್ಟೆಗೆ ನೇಯ್ಕೋತೀನಿ. ನಿಮ್ಮಿಂದ ಒಂದು ಲೋಟ ನೀರೂ ಕೇಳಲ್ಲ.”

ವ್ಯಾಪಾರಿ ಎದ್ದು ನಿಂತ.

“ಇದು ನೀವು ಆಡಿದ ಮಾತಲ್ಲ ತಾಯಿ. ದೇವರೇ ಆಡಿಸಿದ್ದು. ಆಗಲಿ.”

ಅವನು ಹೋದ ಮೇಲೆ ಅವಳು ಬೀದಿಗೆಲ್ಲ ಹೇಳಿ ಬಂದಳು. ಲಾಳಿಗೆ ಎಣ್ಣೆ ಸವರಿದಳು. ಹಗ್ಗ ಹೊಸದಾಗಿ ಹೊಸೆದಳು. ಒಳ್ಳೆಯ ನೂಲು ತಂದು ಗಂಜಿ ಹಾಕಿ ಒಣಗಿಸಿ ಇಟ್ಟುಕೊಂಡಳು.

ವ್ಯಾಪಾರಿ ಎಂಜಿನಿಯರಿಗೆ ಹೇಳಿದ. ಎಂಜಿನಿಯರು ಹಣೆ ಗಂಟಿಕ್ಕಿದ. “ಒಂದು ಕಡೆ ಗುದ್ದಲಿ ಬಿದ್ರೆ ಇಡೀ ನೆಲ ಬಿರುಕು ಬಿಡುತ್ತೆ ಸಾರ್. ಇಂಥ ನೆಲ ಮತ್ತೆ ಮಾಡೋಕೆ ಆಗಲ್ಲ.”

ವ್ಯಾಪಾರಿ ಒಂದು ವಾರ ಯೋಚಿಸಿದ. ಪೂಜೆಗೆ ಕೂತಾಗಲೂ ಅದೇ ಯೋಚನೆ. ಹೆಂಗಸಿಗೆ ಕೊಟ್ಟ ಮಾತು ಒಂದು ಕಡೆ. ಭೂಮಿಗೆ ನೋವು ಮಾಡೆನೆಂದ ಸಂಕಲ್ಪ ಇನ್ನೊಂದು ಕಡೆ. ಎಂಟನೆಯ ದಿನ ಎಂಜಿನಿಯರೇ ಒಂದು ದಾರಿ ತೋರಿಸಿದ. ಕೇಳಿ ವ್ಯಾಪಾರಿಗೆ ಎರಡೂ ಉಳಿದವು ಎಂದು ಹಿಗ್ಗಾಯಿತು. ಮಗ್ಗ ತರಲು ಗಾಡಿ ಕಳಿಸಿದ.

ಗಾಡಿ ಕಂಡು ಅವಳು ಗುಂಡಿ ತೋಡಿ ಆಯಿತು ಎಂದುಕೊಂಡಳು. ಮಗ್ಗವನ್ನು ತಾನೇ ಬಿಚ್ಚಿ ತಾನೇ ಏರಿಸಿದಳು. ನೂಲಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲೇ ಕೂತು ಬಂದಳು. ದಾರಿಯಲ್ಲಿ ಸಿಕ್ಕವರು, “ಏನಕ್ಕ, ತವರುಮನೆಗಾ?” ಎಂದು ತಮಾಷೆ ಮಾಡಿದರು. “ಹೂಂ ಕಣೋ, ನಮ್ಮ ಕಂಬಗಳು ಕರೆಸಿಕೊಂಡಿವೆ” ಎಂದಳು.

ಹಜಾರಕ್ಕೆ ಬಂದಳು. ತನ್ನ ಕಂಬಗಳನ್ನು ಕಂಡಳು. ಅವುಗಳ ನಡುವೆ ಕಲ್ಲಿನ ಒಂದು ಗೇಣೆತ್ತರದ ಕಟ್ಟೆ ಇತ್ತು. ಗುಂಡಿ ಇರಲಿಲ್ಲ.

“ಕಾಲು ಎಲ್ಲಿ ಇಳಿಬಿಡೋದು ಸಾವ್ಕಾರ್ರೇ?”

“ಯಾರೂ ಇಳಿಬಿಡಬೇಕಾಗಿಲ್ಲ ತಾಯಿ” ಎಂದ ವ್ಯಾಪಾರಿ. ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡಿದ್ದ. “ನಿಮ್ಮ ಮಗ್ಗ ಇಷ್ಟು ವರ್ಷ ದುಡಿದಿದೆ. ಇನ್ನು ಇಲ್ಲಿ ಹಾಯಾಗಿ ಇರಲಿ. ಬಂದವರೆಲ್ಲ ನೋಡಿ ಕೈ ಮುಗೀತಾರೆ.”

ಅವನು ಮನಸಾರೆ ಹೇಳಿದ. ಅಲ್ಲಿದ್ದವರ ಕಣ್ಣು ಒದ್ದೆಯಾದವು. ಮಗ್ಗವನ್ನು ಕಟ್ಟೆಯ ಮೇಲೆ ಇಟ್ಟರು. ಕಂಬಕ್ಕೆ ಹಗ್ಗ ಬಿಗಿಯುವ ಬಗೆ ಆಳುಗಳಿಗೆ ಗೊತ್ತಿರಲಿಲ್ಲ. ಅದನ್ನೂ ಅವಳೇ ಬಿಗಿದುಕೊಟ್ಟಳು. ಪರದೆಗಳು ಪಟ್ಟಣದ ಅಂಗಡಿಯಿಂದ ಬಂದವು.

ಇಲ್ಲಿಗೆ ಗುರುಗಳು ಕತೆ ಮುಗಿಸಿದರು. ಮಠದ ಅಂಗಳದಲ್ಲಿ ಯಾರೋ ಹೂವು ಬಿಡಿಸುತ್ತಿದ್ದರು. ಮೊದಲು ಇದ್ದ ಸಂತೋಷ ಶಿವಮಲ್ಲುವಿನ ದನಿಯಲ್ಲಿ ಉಳಿದಿರಲಿಲ್ಲ.

“ಬುದ್ಧಿ, ಆ ವ್ಯಾಪಾರಿ ಕೆಟ್ಟವನಲ್ಲವಲ್ಲ?”

“ಖಂಡಿತ ಅಲ್ಲ. ಇವತ್ತಿಗೂ ಅವನ ಪೂಜೆ ತಪ್ಪಿಲ್ಲ. ಶಿವ ಅವನ ಪೂಜೆಯನ್ನೂ ಒಪ್ಪಿಸಿಕೊಳ್ಳುತ್ತಾನೆ, ಅವಳ ನಿಟ್ಟುಸಿರನ್ನೂ ಕೇಳಿಸಿಕೊಳ್ಳುತ್ತಾನೆ. ಶಿವನಿಗೆ ಎರಡು ಕಿವಿಯೂ ಇವೆ ಎಂಬ ನಂಬಿಕೆಯಿಂದಲೇ ನಾನು ಬದುಕಿದ್ದೇನೆ.”

“ಮತ್ತೆ ಆ ಹೆಂಗಸು? ಅವಳು ಈಗ ಎಲ್ಲಿದ್ದಾಳೆ ಬುದ್ಧಿ?”

“ಆ ಮನೆಯಲ್ಲೇ ಇದ್ದಾಳೆ ಕಣಪ್ಪ, ಮಗ್ಗದ ಮೇಲೆ ಧೂಳು ಕೂರದ ಹಾಗೆ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದಾರೆ.”